ಹೋತಕ್ಕೆ ಮೂತ್ರ ಕಟ್ಟಿದರೆ ಯಾವ ಚಿಕಿತ್ಸೆ, ಕಟ್ಟದಂತೆ ಯಾವ ಮೇವು?

ಗಂಡು ಆಡಿನ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ಮುಂದೆ ಇರುವ ದಾರಿಗಳು ಕೆಲವೇ. ಶಿಶ್ನದ ತುದಿಯಲ್ಲಿರುವ ಸಣ್ಣ ಎಳೆ ಕತ್ತರಿಸುವುದು, ಸೂಜಿ ಹಾಕಿ ಮೂತ್ರ ತೆಗೆಯುವುದು, ಹೊಟ್ಟೆಯ ಮೂಲಕ ಟ್ಯೂಬ್ ಹಾಕುವುದು, ಹಿಂಭಾಗದಲ್ಲಿ ಬೇರೆ ತೂತು ಮಾಡುವುದು, ಇಲ್ಲವೇ ಮಾಂಸಕ್ಕೆ ಕೊಡುವುದು. ಯಾವುದು ಒಳ್ಳೆಯದು ಎಂದು ಕೇಳಿದರೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಮೊದಲು ಎರಡು ಸಂಗತಿ ಗೊತ್ತಾಗಬೇಕು. ಮೂತ್ರ ನಿಂತು ಎಷ್ಟು ಹೊತ್ತಾಯಿತು? ಆ ಹೋತ ನಿಮಗೆ ಯಾವುದಕ್ಕೆ ಬೇಕು? ಹಿಂಡಿಗೆ ಬಿಡುವ ಬೀಜದ ಹೋತವೋ, ಬಕ್ರೀದ್‌ಗೆಂದು ಸಾಕಿದ್ದೋ, ಮನೆ ಮಕ್ಕಳು ಹೆಸರಿಟ್ಟು ಬೆಳೆಸಿದ್ದೋ?

ಈ ಎರಡು ಪ್ರಶ್ನೆಗೆ ಉತ್ತರ ಇಟ್ಟುಕೊಂಡು ಮುಂದಿನದನ್ನು ಓದಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೋತ ಬದುಕಿ ಬಾಳಬೇಕು ಅಂದರೆ ತುದಿ ಕತ್ತರಿಸಿ ನೋಡುವುದು ಮೊದಲ ಹೆಜ್ಜೆ, ಟ್ಯೂಬ್ ಹಾಕಿಸುವುದು ಎರಡನೆಯದು. ಉಳಿದವೆಲ್ಲ ಅನಿವಾರ್ಯಕ್ಕೆ. ಆದರೆ ಈ ಕಾಯಿಲೆ ಹುಟ್ಟುವುದು ನಾವು ದಿನಾ ತುಂಬಿಸುವ ಬಾನಿಯಲ್ಲಿ. ಹಾಗಾಗಿ ಚಿಕಿತ್ಸೆಗಳ ಹೋಲಿಕೆಯಷ್ಟೇ ಮೇವಿನ ಹೋಲಿಕೆಯೂ ಮುಖ್ಯ.

ಗಂಡಿಗೇ ಯಾಕೆ?

ಹೆಣ್ಣು ಆಡಿನಲ್ಲೂ ಹರಳು ಆಗುತ್ತದೆ. ಅದರ ಮೂತ್ರನಾಳ ಗಿಡ್ಡ, ಅಗಲ. ಹರಳು ಹೊರಗೆ ಹೋಗಿಬಿಡುತ್ತದೆ. ಹೋತದ ನಾಳ ಉದ್ದ, ಸಪೂರ. ಮಧ್ಯೆ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಎರಡು ತಿರುವು ಇದೆ. ಕೊನೆಯಲ್ಲಿ ಶಿಶ್ನದ ತುದಿಯಿಂದ ಹೊರಗೆ ಚಾಚಿಕೊಂಡ ದಾರದಷ್ಟು ಸಪೂರದ ಒಂದು ಎಳೆ ಇದೆ. ಕಲ್ಲು ಜಾಸ್ತಿ ಸಿಕ್ಕಿಕೊಳ್ಳುವುದು ಈ ಎಳೆಯಲ್ಲಿ, ಇಲ್ಲವೇ ಆ ತಿರುವಿನಲ್ಲಿ. ತೀರಾ ಸಣ್ಣ ಪ್ರಾಯದಲ್ಲಿ ಬೀಜ ಒಡೆಸಿದ ಗಂಡುಗಳಲ್ಲಿ ನಾಳ ಸರಿಯಾಗಿ ಬೆಳೆದಿರುವುದಿಲ್ಲ. ಅವುಗಳಿಗೆ ಅಪಾಯ ಇನ್ನೂ ಹೆಚ್ಚು.

ಮಲಬದ್ಧತೆ ಅಂದುಕೊಂಡು ಹೊತ್ತು ಕಳೆಯಬೇಡಿ

ಮೂತ್ರ ಕಟ್ಟಿದ ಹೋತ ಹಿಂಗಾಲು ಅಗಲಿಸಿ, ಬೆನ್ನು ಬಗ್ಗಿಸಿ ಮುಕ್ಕುತ್ತದೆ, ಅಂದರೆ ತಿಣುಕುತ್ತದೆ. ಬಾಲ ಮೇಲೆ ಕೆಳಗೆ ಆಡುತ್ತಾ ಇರುತ್ತದೆ. ನರಳುತ್ತದೆ, ಹಲ್ಲು ಕಡಿಯುತ್ತದೆ, ಹೊಟ್ಟೆಗೆ ಒದ್ದುಕೊಳ್ಳುತ್ತದೆ. ಇದನ್ನು ನೋಡಿ ಹೆಚ್ಚಿನವರು 'ಹಿಕ್ಕೆ ಬರ್ತಾ ಇಲ್ಲ' ಅಂದುಕೊಂಡು ಎಣ್ಣೆ ಕುಡಿಸುತ್ತಾರೆ. ಅಷ್ಟರಲ್ಲಿ ಒಂದು ದಿನ ಹೋಗಿರುತ್ತದೆ. ಗಂಡು ಆಡು ಮುಕ್ಕುತ್ತಿದ್ದರೆ ಮೊದಲ ಅನುಮಾನ ಮೂತ್ರದ ಮೇಲೆ ಇರಲಿ. ಕೆಳಗಿನ ನೆಲ ಒದ್ದೆ ಆಗಿದೆಯಾ ನೋಡಿ. ಒಣ ಗೋಣಿ ಹಾಸಿ ಅರ್ಧ ಗಂಟೆ ಕಾದು ನೋಡಿದರೂ ಗೊತ್ತಾಗುತ್ತದೆ. ಹನಿ ಹನಿ ಬೀಳುತ್ತಿದ್ದರೆ, ಅದರಲ್ಲಿ ರಕ್ತದ ಬಣ್ಣ ಇದ್ದರೆ ಅದು ಅರ್ಧ ಕಟ್ಟಿದ ಲಕ್ಷಣ. ಏನೂ ಬೀಳದಿದ್ದರೆ ಪೂರ್ತಿ ಕಟ್ಟಿದೆ.

ಬೆದೆಗೆ ಬಂದ ಹೋತ ಕೂಡ ಮತ್ತೆ ಮತ್ತೆ ಮೂತ್ರ ಚಿಮ್ಮಿಸುತ್ತದೆ. ಅದನ್ನು ನೋಡಿ ಹೆದರಬೇಕಿಲ್ಲ. ಅದು ಗಡ್ಡಕ್ಕೆ, ಮುಂಗಾಲಿಗೆ ಸಲೀಸಾಗಿ ಚಿಮ್ಮಿಸಿಕೊಳ್ಳುತ್ತದೆ, ತುಟಿ ಮೇಲೆತ್ತುತ್ತದೆ, ಹೆಣ್ಣುಗಳ ಹಿಂದೆ ಓಡುತ್ತದೆ. ಕಲ್ಲು ಕಟ್ಟಿದ ಹೋತ ಮೂಲೆಗೆ ನಿಂತುಬಿಡುತ್ತದೆ.

ಪೂರ್ತಿ ಕಟ್ಟಿದ ಮೇಲೆ ಹೆಚ್ಚು ಕಡಿಮೆ ಒಂದೆರಡು ದಿನದಲ್ಲಿ ಮೂತ್ರಕೋಶ ಅಥವಾ ನಾಳ ಒಡೆಯಬಹುದು. ಮೂತ್ರಕೋಶ ಒಡೆದಾಗ ಹೋತ ಒಮ್ಮೆ ಹಗುರ ಆದ ಹಾಗೆ ಕಾಣುತ್ತದೆ. ಮುಕ್ಕುವುದು ನಿಲ್ಲುತ್ತದೆ. ಮನೆಯವರು 'ಗುಣ ಆಯ್ತು' ಅಂದುಕೊಳ್ಳುತ್ತಾರೆ. ಆಮೇಲೆ ಹೊಟ್ಟೆ ಎರಡೂ ಬದಿಗೆ ಇಳಿಬೀಳುತ್ತದೆ, ಮೇವು ಬಿಡುತ್ತದೆ, ಮಂಕಾಗುತ್ತದೆ. ನಾಳ ಒಡೆದರೆ ಹೊಟ್ಟೆಯ ಅಡಿಯಲ್ಲಿ, ಬೀಜದ ಮುಂದೆ ಚರ್ಮದೊಳಗೆ ಮೂತ್ರ ತುಂಬಿ ಊದುತ್ತದೆ. ಆದ್ದರಿಂದ ಮುಕ್ಕುವುದು ತಾನಾಗಿ ನಿಂತರೆ ಖುಷಿ ಪಡಬೇಡಿ. ಮೂತ್ರ ಬಿತ್ತಾ ಅಂತ ನೋಡಿ.

ಮನೆಮದ್ದೋ, ಫೋನೋ?

ಈ ಹೋಲಿಕೆ ಬೇಗ ಮುಗಿಯುತ್ತದೆ. ನಮ್ಮ ಕರಾವಳಿ ಕಡೆ ಕಲ್ಲು ಅಂದ ತಕ್ಷಣ ಬಾಳೆದಿಂಡಿನ ರಸ, ಹುರುಳಿ ಬೇಯಿಸಿದ ನೀರು, ಬಾರ್ಲಿ ನೀರು ನೆನಪಾಗುತ್ತದೆ. ಮನುಷ್ಯರಿಗೆ ಕೊಡುವುದನ್ನೇ ಆಡಿಗೂ ಬಾಟ್ಲಿಯಲ್ಲಿ ಕುಡಿಸುತ್ತಾರೆ. ದಾರಿ ಪೂರ್ತಿ ಕಟ್ಟಿರುವಾಗ ನೀರು ಕುಡಿಸಿದರೆ ಮೂತ್ರ ಇನ್ನಷ್ಟು ತುಂಬುತ್ತದೆ, ಹೋಗಲು ಜಾಗ ಇರುವುದಿಲ್ಲ. ಕೋಶ ಬೇಗ ಒಡೆಯುತ್ತದೆ. ಮೂತ್ರ ಹೆಚ್ಚಿಸುವ ಇಂಜೆಕ್ಷನ್‌ಗೂ ಇದೇ ಮಾತು. ಮೆಡಿಕಲ್‌ನಿಂದ ನೀವೇ ತಂದು ಹಾಕಬೇಡಿ. ಹೊಟ್ಟೆ ಒತ್ತಿ ಮೂತ್ರ ತೆಗೆಯುವ ಪ್ರಯತ್ನವೂ ಬೇಡ.

ತಾಲೂಕು ಪಶು ಆಸ್ಪತ್ರೆಯ ನಂಬರ್ ಮೊಬೈಲಿನಲ್ಲಿ ಇರಲಿ. ಪಶು ಸಂಜೀವಿನಿ ಆಂಬ್ಯುಲೆನ್ಸ್‌ಗೆ 1962. ಫೋನಿನಲ್ಲಿ 'ಆಡಿಗೆ ಹುಷಾರಿಲ್ಲ' ಎಂದರೆ ಸಾಲದು. 'ಡಾಕ್ಟ್ರೇ, ಗಂಡು ಆಡು, ಒಂದೂವರೆ ವರ್ಷ, ಬೀಜ ಒಡೆಸಿದ್ದು, ನಿನ್ನೆ ಸಂಜೆಯಿಂದ ಮೂತ್ರ ಮಾಡಿಲ್ಲ, ಮುಕ್ಕುತ್ತಾ ಇದೆ, ತೌಡು ಬೂಸಾ ತಿಂತಾ ಇತ್ತು' ಎಂದು ಹೇಳಿ. ಅಷ್ಟು ಕೇಳಿದರೆ ಅವರಿಗೆ ಏನು ಸಾಮಾನು ತರಬೇಕು ಅಂತ ಹೊಳೆಯುತ್ತದೆ. ಅವರು ಬರುವ ತನಕ ಹಿಂಡಿ, ತೌಡು ಎಲ್ಲ ನಿಲ್ಲಿಸಿ. ಸೊಪ್ಪು ಮುಂದೆ ಇಡಿ, ತಿಂದರೆ ತಿನ್ನಲಿ.

ತುದಿ ಕತ್ತರಿಸುವುದು: ಮೊದಲು ಮಾಡಿ ನೋಡಬೇಕಾದದ್ದು

ಇದು ಹಟ್ಟಿಯಲ್ಲೇ ಆಗುವ ಕೆಲಸ. ಹೋತವನ್ನು ಕುಂಡೆ ಮೇಲೆ ಕೂರಿಸಿ, ಬೆನ್ನನ್ನು ಒಬ್ಬರು ತಮ್ಮ ಎದೆಗೆ ಆನಿಸಿ ಹಿಡಿದುಕೊಳ್ಳಬೇಕು. ಮುಂಗಾಲು ಹಿಡಿಯಲು ಇನ್ನೊಬ್ಬರು. ಡಾಕ್ಟ್ರು ನೋವು ತಡೆಯುವ, ಸ್ವಲ್ಪ ಮಂಪರು ಬರಿಸುವ ಇಂಜೆಕ್ಷನ್ ಕೊಡುತ್ತಾರೆ. ಬೆನ್ನು ಬಾಗಿ ಕೂತಾಗ ಒಳಗಿನ ತಿರುವು ಸ್ವಲ್ಪ ನೇರ ಆಗುತ್ತದೆ. ಶಿಶ್ನವನ್ನು ಮೆಲ್ಲಗೆ ಮುಂದೆ ತಳ್ಳಿ, ಗಾಜ್ ಬಟ್ಟೆಯಲ್ಲಿ ಹಿಡಿದು ಹೊರಗೆ ತರುತ್ತಾರೆ. ಆಗ ಆ ಎಳೆ ಕಾಣುತ್ತದೆ. ಆರೋಗ್ಯ ಇದ್ದರೆ ನಸುಗೆಂಪು, ಮೆತ್ತಗೆ. ಕಲ್ಲು ಕೂತಿದ್ದರೆ ಊದಿ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಬೆರಳಿನ ನಡುವೆ ಉಜ್ಜಿದರೆ ಒಳಗೆ ಮರಳಿನ ಜರಜರ ಸಿಗುತ್ತದೆ. ಅದನ್ನು ಬುಡದಲ್ಲಿ ಕತ್ತರಿಸುತ್ತಾರೆ. ಕೆಲವೊಮ್ಮೆ ಆ ಕ್ಷಣದಲ್ಲೇ ಮೂತ್ರ ಹರಿಯುತ್ತದೆ.

ಇದರ ಲಾಭ ತುಂಬಾ. ಖರ್ಚು ಕಡಿಮೆ, ಬೇಗ ಆಗುತ್ತದೆ, ಹೋತದ ಬೀಜದ ಗುಣಕ್ಕೆ ಏನೂ ಆಗುವುದಿಲ್ಲ. ಆ ಎಳೆ ಹೋದ ಮೇಲೂ ಹೆಣ್ಣಿಗೆ ಗಬ್ಬ ಕಟ್ಟುತ್ತದೆ. ಕೊರತೆ ಏನೆಂದರೆ, ಕಲ್ಲು ಬರೀ ತುದಿಯಲ್ಲಿ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಮೇಲೆ ಇನ್ನೂ ಕಲ್ಲು ಇದ್ದರೆ ಕೆಲವು ಗಂಟೆ, ಕೆಲವು ದಿನದಲ್ಲಿ ಮತ್ತೆ ಕಟ್ಟುತ್ತದೆ. ಹೀಗಾಗುವುದು ಅಪರೂಪ ಅಲ್ಲ, ತೀರಾ ಸಾಮಾನ್ಯ. ಆದ್ದರಿಂದ ಮೂತ್ರ ಹರಿದ ಕೂಡಲೇ ಹೋತವನ್ನು ಗುಡ್ಡೆಗೆ ಬಿಡಬೇಡಿ. ಕಣ್ಣೆದುರಿಗೇ ಕಟ್ಟಿ ಇಡಿ. ಕತ್ತರಿಸಿದ ಮೇಲೂ ಹನಿ ಬೀಳದಿದ್ದರೆ ಮುಂದಿನ ತೀರ್ಮಾನಕ್ಕೆ ನಾಳೆ ತನಕ ಕಾಯಬೇಡಿ.

'ನಾಯಿಗೆ ಹಾಕುವ ಹಾಗೆ ಕೆಳಗಿನಿಂದಲೇ ಮೂತ್ರಕೋಶದ ತನಕ ಪೈಪ್ ಹಾಕಬಹುದಲ್ವಾ?' ಎಂದು ಕೇಳುವವರಿದ್ದಾರೆ. ಆಡಿನಲ್ಲಿ ಅದು ಕಷ್ಟ. ತಿರುವು ದಾಟಿದರೂ ಮೇಲೆ ಸೊಂಟದ ಎಲುಬಿನ ಬಳಿ ನಾಳದಲ್ಲಿ ಒಂದು ಸಣ್ಣ ಚೀಲ ಇದೆ. ಪೈಪಿನ ತುದಿ ಅದರೊಳಗೆ ಹೋಗಿ ನಿಲ್ಲುತ್ತದೆ. ಜೋರು ಮಾಡಿದರೆ ನಾಳ ಹರಿಯುತ್ತದೆ. ಡಾಕ್ಟ್ರು ಬೇಡ ಅಂದರೆ ಅದಕ್ಕೆ ಕಾರಣ ಇದು.

ಸೂಜಿ ಹಾಕಿ ಖಾಲಿ ಮಾಡುವುದು

ಸ್ಕ್ಯಾನಿಂಗ್‌ನಲ್ಲಿ ನೋಡಿಕೊಂಡು ಹೊಟ್ಟೆಯ ಹೊರಗಿನಿಂದ ಮೂತ್ರಕೋಶಕ್ಕೆ ಸೂಜಿ ಹಾಕಿ ಮೂತ್ರ ಎಳೆಯುವ ವಿಧಾನ ಇದೆ. ಬರೀ ಮೂತ್ರ ತೆಗೆದರೆ ಕೆಲವು ಗಂಟೆಯ ಸಮಯ ಸಿಗುತ್ತದೆ ಅಷ್ಟೇ. ಘಾಟಿ ಹತ್ತಿ ದೊಡ್ಡ ಆಸ್ಪತ್ರೆಗೆ ಹೋಗಬೇಕಿದ್ದರೆ ಆ ಗಂಟೆಗಳಿಗೆ ಬೆಲೆ ಇದೆ.

ಅದರ ಜೊತೆ ವಾಲ್ಪೋಲ್ ದ್ರಾವಣ ಎಂಬ ಹುಳಿ ದ್ರಾವಣವನ್ನು ಮೂತ್ರಕೋಶಕ್ಕೆ ತುಂಬಿ ಕಲ್ಲು ಕರಗಿಸುವ ಕ್ರಮವೂ ಇದೆ. 25 ಆಡುಗಳಿಗೆ ಹೀಗೆ ಮಾಡಿದ ಒಂದು ವರದಿ 2009ರಲ್ಲಿ ಬಂತು. ಅದರಲ್ಲಿ 20 ಆಡುಗಳ ದಾರಿ ಬಿಟ್ಟಿತ್ತು. ಹೊಟ್ಟೆ ಕೊಯ್ಯದೆ ಆಗುವ ಕೆಲಸ ಅನ್ನುವುದು ಇದರ ಆಕರ್ಷಣೆ. ಆದರೆ ತುಂಬಿ ಬಿಗಿದ, ಗೋಡೆ ಕೊಳೆಯಲು ಶುರುವಾದ ಮೂತ್ರಕೋಶಕ್ಕೆ ಸೂಜಿ ಹಾಕಿದರೆ ಸೋರಬಹುದು. ಹುಳಿಗೆ ಕರಗದ ಕಲ್ಲಾದರೆ ಪ್ರಯೋಜನ ಇಲ್ಲ. ಸ್ಕ್ಯಾನಿಂಗ್ ಮೆಷಿನ್ ಮತ್ತು ಪಳಗಿದ ಕೈ ಎರಡೂ ಇರುವಲ್ಲಿ ಮಾತ್ರ ಇದನ್ನು ಯೋಚಿಸಿ. ಮಂಗಳೂರಿನಲ್ಲಿ ನಾಯಿ ಬೆಕ್ಕು ನೋಡುವ ಖಾಸಗಿ ಕ್ಲಿನಿಕ್‌ಗಳಲ್ಲಿ ಸ್ಕ್ಯಾನಿಂಗ್ ಸಿಗುತ್ತದೆ. ಆಡನ್ನೂ ನೋಡುತ್ತಾರಾ ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ.

ಟ್ಯೂಬೋ, ಹಿಂದಿನ ತೂತೋ?

ನಿಜವಾದ ಆಯ್ಕೆ ಇರುವುದು ಇಲ್ಲಿ.

ಟ್ಯೂಬ್ ಸಿಸ್ಟೋಸ್ಟೊಮಿ ಎಂಬ ಆಪರೇಷನ್‌ನಲ್ಲಿ ಹೊಟ್ಟೆ ಕೊಯ್ದು, ಮೂತ್ರಕೋಶದೊಳಗೆ ಬಲೂನಿರುವ ಫೋಲಿ ಟ್ಯೂಬ್ ಕೂರಿಸುತ್ತಾರೆ. ಟ್ಯೂಬಿನ ಇನ್ನೊಂದು ತುದಿಯನ್ನು ಹೊಟ್ಟೆಯ ಪಕ್ಕದಿಂದ ಹೊರಗೆ ತಂದು ಹೊಲಿಯುತ್ತಾರೆ. ಕೋಶದಲ್ಲಿ ಕೂತ ಮರಳನ್ನು ಆಗಲೇ ತೊಳೆದು ತೆಗೆಯಬಹುದು. ಕೋಶ ಒಡೆದಿದ್ದರೆ ಹೊಲಿಯಬಹುದು. ಅಲ್ಲಿಂದ ಮೂತ್ರ ಟ್ಯೂಬಿನಲ್ಲಿ ಹನಿ ಹನಿ ಬೀಳುತ್ತಾ ಇರುತ್ತದೆ. ಈ ನಡುವೆ ಕೆಳಗಿನ ನಾಳಕ್ಕೆ ವಿಶ್ರಾಂತಿ ಸಿಕ್ಕಿ ಊತ ಇಳಿಯುತ್ತದೆ. ಔಷಧಿಯಿಂದ ಮೂತ್ರ ಹುಳಿಯಾಗಿ ಕಲ್ಲು ಸವೆಯುತ್ತದೆ.

ಮೂರು ನಾಲ್ಕು ದಿನ ಕಳೆದ ಮೇಲೆ ಟ್ಯೂಬಿಗೆ ಕ್ಲಿಪ್ ಹಾಕಿ ನೋಡುತ್ತಾರೆ. ಮನೆಯವರ ಕೆಲಸ ಶುರು ಆಗುವುದು ಆಗ. ಕ್ಲಿಪ್ ಹಾಕಿದ ಮೇಲೆ ಹತ್ತಿರ ಕೂತು ನೋಡಬೇಕು. ಸಹಜ ದಾರಿಯಲ್ಲಿ ಮೂತ್ರ ಬಂತಾ? ಹನಿಯಾ, ಧಾರೆಯಾ? ಮುಕ್ಕಿದರೆ, ನರಳಿದರೆ ಕೂಡಲೇ ಕ್ಲಿಪ್ ಬಿಚ್ಚಬೇಕು. ಮರುದಿನ ಮತ್ತೆ ನೋಡಬೇಕು. ಕ್ಲಿಪ್ ಹಾಕಿದ್ದಾಗಲೂ ಒಳ್ಳೆ ಧಾರೆ ಬರುತ್ತಾ ಇದೆ ಎಂದು ಖಾತ್ರಿ ಆದ ಮೇಲೆ, ಸಾಮಾನ್ಯವಾಗಿ ಹತ್ತು ದಿನ, ಎರಡು ವಾರದ ಹೊತ್ತಿಗೆ ಟ್ಯೂಬ್ ತೆಗೆಯುತ್ತಾರೆ. ಕೆಲವಕ್ಕೆ ಇನ್ನೂ ಜಾಸ್ತಿ ದಿನ ಬೇಕು. ಅವಸರ ಮಾಡಿದರೆ ಒಳಗೆ ಗಾಯ ಕೂಡಿಕೊಂಡಿರುವುದಿಲ್ಲ, ಹೊಟ್ಟೆಯೊಳಗೆ ಮೂತ್ರ ಸೋರುತ್ತದೆ. ಅಷ್ಟು ದಿನ ಹೋತ ಒಂಟಿಯಾಗಿ, ಒಣ ಜಾಗದಲ್ಲಿ ಇರಬೇಕು. ಪಕ್ಕದ ಆಡುಗಳು ಟ್ಯೂಬ್ ಜಗಿದುಬಿಡುತ್ತವೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒಣ ಜಾಗ ಹೊಂದಿಸುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು. ಗೂಡಿನ ಅಡಿಯ ಹಲಗೆ ನೆಲದಿಂದ ಎತ್ತರ ಇದ್ದರೆ ಬಚಾವು.

ಇದು ಖರ್ಚಿನ ದಾರಿ, ಶ್ರಮದ ದಾರಿ. ಆದರೆ ನಾಳ ತನ್ನ ಮೊದಲಿನ ಸ್ಥಿತಿಗೆ ಬರುವುದು ಈ ದಾರಿಯಲ್ಲಿ. ಹೋತ ಮತ್ತೆ ಹೆಣ್ಣಿನ ಮೇಲೆ ಏರುತ್ತದೆ. ಒಳ್ಳೆ ಮಲಬಾರಿ ಹೋತವೋ, ದೂರದಿಂದ ತಂದ ತಳಿಯೋ ಆಗಿದ್ದರೆ ನಾನು ಎರಡನೇ ಯೋಚನೆ ಮಾಡದೆ ಇದನ್ನೇ ಹೇಳುತ್ತೇನೆ.

ಹಿಂಭಾಗದ ತೂತು ಬೇರೆ ಕಥೆ. ಗುದದ ಕೆಳಗೆ ಕೊಯ್ದು, ನಾಳವನ್ನು ಅಲ್ಲೇ ಹೊರಗೆ ತೆರೆದು ಹೊಲಿಯುತ್ತಾರೆ. ಹೋತ ಹೆಣ್ಣಿನ ಹಾಗೆ ಹಿಂದಿನಿಂದ ಮೂತ್ರ ಮಾಡುತ್ತದೆ. ಆಪರೇಷನ್ ಚಿಕ್ಕದು, ಟ್ಯೂಬಿನ ತಲೆಬಿಸಿ ಇಲ್ಲ. ಆದರೆ ಬೀಜಕ್ಕೆ ಮತ್ತೆ ಆಗುವುದಿಲ್ಲ. ಆ ತೂತು ತಿಂಗಳು ಕಳೆದ ಹಾಗೆ ಗಾಯದ ಕಲೆಯಿಂದ ಕಿರಿದಾಗುತ್ತಾ ಬಂದು ಮತ್ತೆ ಕಟ್ಟುವ ಸಾಧ್ಯತೆ ತುಂಬಾ. ಇನ್ನೊಂದೆರಡು ತಿಂಗಳಲ್ಲಿ ಮಾಂಸಕ್ಕೆ ಹೋಗುವ, ಬೀಜ ಒಡೆಸಿದ ಗಂಡಾದರೆ ಇದು ಲೆಕ್ಕಕ್ಕೆ ಸರಿ. ವರ್ಷಗಟ್ಟಲೆ ಸಾಕುವ ಪ್ರಾಣಿಗೆ ಬೇಡ.

ಮೂತ್ರಕೋಶವನ್ನೇ ಹೊಟ್ಟೆಯ ಚರ್ಮಕ್ಕೆ ಹೊಲಿದು ಶಾಶ್ವತವಾಗಿ ತೆರೆದು ಬಿಡುವ ಆಪರೇಷನ್ ಕೂಡ ಇದೆ. ಆಮೇಲೆ ಆಯುಷ್ಯಪೂರ್ತಿ ಮೂತ್ರ ಸೋರುತ್ತಲೇ ಇರುತ್ತದೆ. ಚರ್ಮ ಸುಡುತ್ತದೆ, ನೊಣ ಕೂರುತ್ತದೆ. ನಮ್ಮ ಸೆಕೆಗೆ, ನಮ್ಮ ಮಳೆಗೆ ಅದನ್ನು ದಿನಾ ತೊಳೆದು ಒರೆಸಿ ಎಣ್ಣೆ ಹಚ್ಚುವವರು ಮನೆಯಲ್ಲಿ ಇದ್ದರೆ ಮಾತ್ರ, ಬೇರೆ ಎಲ್ಲ ದಾರಿ ಮುಚ್ಚಿದಾಗ ಮಾತ್ರ.

ಆಪರೇಷನ್‌ಗೆ ಎಲ್ಲಿಗೆ ಹೋಗುವುದು? ಮೊದಲು ಜಿಲ್ಲೆಯ ದೊಡ್ಡ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿ ಆಗುವುದಿಲ್ಲ ಎಂದಾದರೆ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆ ಇದೆ. ಉಡುಪಿ, ಕಾರ್ಕಳದವರಿಗೆ ಆಗುಂಬೆ ಹತ್ತಿ ಶಿವಮೊಗ್ಗ. ಕುಂದಾಪುರದ ಕಡೆಯವರಿಗೆ ಹುಲಿಕಲ್ ಘಾಟಿ ಹತ್ತಿ ಅದೇ ಶಿವಮೊಗ್ಗ. ಮಂಗಳೂರು, ಬಂಟ್ವಾಳದವರಿಗೆ ಶಿರಾಡಿ ಹತ್ತಿ ಹಾಸನ. ಮಳೆಗಾಲದಲ್ಲಿ ಘಾಟಿ ಕುಸಿದು ರಸ್ತೆ ಬಂದ್ ಆಗುವುದು ಇದ್ದದ್ದೇ, ಕೇಳಿಕೊಂಡು ಹೊರಡಿ. ಹೊರಡುವ ಮೊದಲು ಇಲ್ಲಿನ ಡಾಕ್ಟ್ರ ಹತ್ತಿರ ಸೂಜಿಯಿಂದ ಮೂತ್ರ ತೆಗೆಸಲು ಸಾಧ್ಯವೇ ಕೇಳಿ. ಕಾಲೇಜಿಗೆ ಫೋನ್ ಮಾಡಿ ಹೋತ ಬರುತ್ತಾ ಇದೆ ಎಂದು ತಿಳಿಸಿ. ಅಲ್ಲಿ ರಕ್ತ ಪರೀಕ್ಷೆ ಮಾಡಿ ಮೂತ್ರಪಿಂಡ ಎಷ್ಟು ಸೋತಿದೆ, ಪೊಟ್ಯಾಸಿಯಂ ಎಷ್ಟು ಏರಿದೆ ನೋಡುತ್ತಾರೆ. ಪೊಟ್ಯಾಸಿಯಂ ಜಾಸ್ತಿ ಇದ್ದರೆ ಹೃದಯಕ್ಕೆ ಅಪಾಯ, ಡ್ರಿಪ್ ಕೊಟ್ಟು ಸರಿ ಮಾಡದೆ ಆಪರೇಷನ್‌ಗೆ ಕೈ ಹಾಕುವುದಿಲ್ಲ. 'ಬಂದ ಕೂಡಲೇ ಯಾಕೆ ಕೊಯ್ಯಲಿಲ್ಲ' ಎಂದು ಬೇಜಾರು ಮಾಡಿಕೊಳ್ಳಬೇಡಿ.

ಮಾಂಸಕ್ಕೆ ಕೊಡುವ ತೀರ್ಮಾನ

ಇದನ್ನು ಹೇಳಲು ಕಷ್ಟ, ಆದರೂ ಹೇಳಲೇಬೇಕು. ಮಾಂಸಕ್ಕೆಂದೇ ಸಾಕಿದ ಹೋತ, ಕಟ್ಟಿ ಹೆಚ್ಚು ಹೊತ್ತು ಆಗಿಲ್ಲ, ಆಪರೇಷನ್ ಕೈಗೆಟುಕುವುದಿಲ್ಲ ಎಂದಾದರೆ ಬೇಗ ಮಾಂಸಕ್ಕೆ ಕೊಡುವುದೇ ಅದರ ನೋವಿಗೂ ಒಂದು ಕೊನೆ. ಆ ತೀರ್ಮಾನ ಔಷಧಿ ಕೊಡುವ ಮೊದಲೇ ಆಗಬೇಕು. ಇಂಜೆಕ್ಷನ್ ಬಿದ್ದ ಮೇಲೆ ಎಷ್ಟು ದಿನ ಮಾಂಸ ತಿನ್ನಬಾರದು ಎಂದು ಡಾಕ್ಟ್ರೇ ಹೇಳಬೇಕು. ಕೋಶ ಒಡೆದ ಪ್ರಾಣಿಯ ಮಾಂಸಕ್ಕೆ ಮೂತ್ರದ ವಾಸನೆ ಬರುತ್ತದೆ, ಅದು ತಿನ್ನಲು ಯೋಗ್ಯ ಅಲ್ಲ. ಎಣ್ಣೆ, ದಿಂಡಿನ ರಸ ಅಂತ ಎರಡು ದಿನ ಕಳೆದವರಿಗೆ ಕೊನೆಗೆ ಈ ದಾರಿಯೂ ಉಳಿಯುವುದಿಲ್ಲ. ಬಕ್ರೀದ್‌ಗೆ ಸಾಕಿದವರಿಗೆ ನಷ್ಟ ಇನ್ನೂ ದೊಡ್ಡದು. ಕಾಯಿಲೆ ಬಿದ್ದ ಪ್ರಾಣಿ ಕುರ್ಬಾನಿಗೆ ಆಗುವುದಿಲ್ಲ ಅಲ್ವಾ?

ನವಸಾಗರದ ಬಗ್ಗೆ ಎರಡು ಮಾತು

ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್. ಅದು ಮೂತ್ರವನ್ನು ಹುಳಿ ಮಾಡುತ್ತದೆ. ಆಡಿನ ಮೂತ್ರ ಸಹಜವಾಗಿ ಕ್ಷಾರ. ತೌಡು, ಧಾನ್ಯದಿಂದ ಬರುವ ಫಾಸ್ಫೇಟ್ ಹರಳು ಕ್ಷಾರದಲ್ಲಿ ಬೆಳೆಯುತ್ತದೆ, ಹುಳಿಯಲ್ಲಿ ಕರಗುತ್ತದೆ. ಮೂತ್ರದ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 6ರಿಂದ 6.5ರ ಒಳಗೆ ಬಂದರೆ ಸಾಕು. ಸಾಮಾನ್ಯವಾಗಿ ದಿನಕ್ಕೆ ಕಿಲೋ ತೂಕಕ್ಕೆ 200ರಿಂದ 300 ಮಿಲಿಗ್ರಾಂ, ಅಂದರೆ 25 ಕಿಲೋ ಹೋತಕ್ಕೆ 5ರಿಂದ 7.5 ಗ್ರಾಂ. ನಿಮ್ಮ ಹೋತಕ್ಕೆ ಎಷ್ಟು, ಎಷ್ಟು ದಿನ ಎಂದು ಡಾಕ್ಟ್ರು ಹೇಳಲಿ. ದಾರಿ ಪೂರ್ತಿ ಕಟ್ಟಿ ಮೂತ್ರಪಿಂಡ ಸೋತಿರುವಾಗ ಇದನ್ನು ಕೊಟ್ಟರೆ ರಕ್ತವೇ ಹುಳಿಯಾಗಿ ಪ್ರಾಣಕ್ಕೆ ಕುತ್ತು. ತಿಂಗಳುಗಟ್ಟಲೆ ಬಿಡದೆ ಕೊಟ್ಟರೆ ಎಲುಬಿನ ಸುಣ್ಣ ಕರಗುತ್ತದೆ. ಪಾತ್ರೆಗೆ ಕಲಾಯಿ ಹಾಕಲು ಮಾರುವ ನವಸಾಗರ ತರಬೇಡಿ, ಅದು ಹೊಟ್ಟೆಗೆ ಕೊಡುವ ದರ್ಜೆಯದಲ್ಲ. ರುಚಿ ಕಹಿ ಉಪ್ಪು, ಹಾಗೇ ಇಟ್ಟರೆ ಮುಟ್ಟುವುದಿಲ್ಲ. ಬೆಲ್ಲದ ನೀರಲ್ಲಿ ಕಲಸಿ ಸಿರಿಂಜಿನಿಂದ ಕೆನ್ನೆಯ ಬದಿಗೆ ಬಿಡಬೇಕಾಗುತ್ತದೆ.

ಎಲ್ಲ ಕಲ್ಲಿಗೂ ಇದು ಮದ್ದಲ್ಲ. ಸುಣ್ಣದಂಶ ಜಾಸ್ತಿಯಾಗಿ ಬರುವ ಕ್ಯಾಲ್ಸಿಯಂ ಕಾರ್ಬೊನೇಟ್ ಕಲ್ಲು ಸಾಸಿವೆ ಕಾಳಿನ ಹಾಗೆ ಗುಂಡಗೆ, ಹೊಂಬಣ್ಣ. ಇದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಆಕ್ಸಲೇಟ್, ಸಿಲಿಕಾ ಕಲ್ಲುಗಳು ಕರಗುವುದೇ ಇಲ್ಲ. ತುದಿ ಕತ್ತರಿಸಿದಾಗ, ಆಪರೇಷನ್ ಮಾಡಿದಾಗ ಸಿಕ್ಕ ಮರಳನ್ನು ಎಸೆಯಬೇಡಿ. ಒಂದು ಡಬ್ಬಿಯಲ್ಲಿ ಇಟ್ಟು ಪರೀಕ್ಷೆಗೆ ಕೊಡಿ.

ಬಾನಿಯಲ್ಲಿ ಏನಿದೆ?

ಈಗ ಮುಖ್ಯ ವಿಷಯ. ಮೇವಿನಲ್ಲಿ ಸುಣ್ಣದಂಶ ಎರಡು ಪಾಲು, ರಂಜಕ ಒಂದು ಪಾಲು ಇರಬೇಕು. ಸುಣ್ಣದಂಶ ಅಂದರೆ ಕ್ಯಾಲ್ಸಿಯಂ, ರಂಜಕ ಅಂದರೆ ಫಾಸ್ಫರಸ್. ಒಂದೂವರೆಗೆ ಒಂದರ ಕೆಳಗೆ ಇಳಿಯಬಾರದು. ನಾವು ಪ್ರೀತಿಯಿಂದ ತಿನ್ನಿಸುವ ಸಾಮಾನುಗಳು ಈ ಲೆಕ್ಕವನ್ನು ಪೂರ್ತಿ ತಲೆಕೆಳಗು ಮಾಡುತ್ತವೆ.

ಅಕ್ಕಿ ತೌಡಿನಲ್ಲಿ ರಂಜಕ ಸುಮಾರು 1.5%, ಸುಣ್ಣದಂಶ 0.1%ದ ಆಸುಪಾಸು. ಅಂದರೆ ಹದಿನೈದು ಪಟ್ಟು ಉಲ್ಟಾ. ಗೋಧಿ ಬೂಸಾದಲ್ಲಿ ರಂಜಕ 1%ಕ್ಕಿಂತ ಸ್ವಲ್ಪ ಜಾಸ್ತಿ, ಸುಣ್ಣದಂಶ ತೌಡಿನಷ್ಟೇ. ಜೋಳದಲ್ಲಿ ರಂಜಕ 0.3%, ಆದರೆ ಸುಣ್ಣದಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೊಬ್ಬರಿ ಹಿಂಡಿ ಇವುಗಳ ಪೈಕಿ ಸ್ವಲ್ಪ ವಾಸಿ, ರಂಜಕ 0.6%. ಆದರೂ ತಕ್ಕಡಿ ಅದೇ ಬದಿಗೆ ವಾಲುತ್ತದೆ. ಈ ಕಡೆ ಗ್ಲಿರಿಸಿಡಿಯಾ, ಅಂದರೆ ನಮ್ಮ ಗೊಬ್ಬರದ ಗಿಡದ ಸೊಪ್ಪು, ಒಣ ಲೆಕ್ಕದಲ್ಲಿ ಸುಣ್ಣದಂಶ 1.2%, ರಂಜಕ 0.2%ದ ಹತ್ತಿರ. ಸುಬಾಬುಲ್ ಮರದ ಸೊಪ್ಪು ಕೂಡ ಹೆಚ್ಚು ಕಡಿಮೆ ಅಷ್ಟೇ.

ಒಂದು ಲೆಕ್ಕ ಮಾಡಿ ನೋಡೋಣ. ಹೋತಕ್ಕೆ ದಿನಕ್ಕೆ 200 ಗ್ರಾಂ ತೌಡು ಹಾಕುತ್ತೀರಿ. ಅದರಲ್ಲಿ ರಂಜಕ 3 ಗ್ರಾಂ, ಸುಣ್ಣದಂಶ 0.2 ಗ್ರಾಂ. ಜೊತೆಗೆ 2 ಕಿಲೋ ಹಸಿ ಗ್ಲಿರಿಸಿಡಿಯಾ ತಿಂದರೆ ಒಣ ಲೆಕ್ಕದಲ್ಲಿ ಅದು ಅರ್ಧ ಕಿಲೋ. ಅದರಿಂದ ಸುಣ್ಣದಂಶ 6 ಗ್ರಾಂ, ರಂಜಕ 1 ಗ್ರಾಂ. ಎರಡೂ ಸೇರಿದರೆ ಸುಣ್ಣದಂಶ 6.2, ರಂಜಕ 4. ಒಂದೂವರೆಗೆ ಒಂದು. ಗಡಿಯಲ್ಲಿ ಪಾಸ್. ಈಗ ಮಳೆ ಹಿಡಿಯಿತು, ಸೊಪ್ಪು ತರುವವರಿಲ್ಲ, ಸೊಪ್ಪು ಅರ್ಧ ಆಯಿತು, ಅದಕ್ಕೆ ಬದಲು ತೌಡು 400 ಗ್ರಾಂ ಆಯಿತು ಎಂದಿಟ್ಟುಕೊಳ್ಳಿ. ಸುಣ್ಣದಂಶ 3.4, ರಂಜಕ 6.5. ಕಲ್ಲು ಹುಟ್ಟಲು ಇನ್ನೇನು ಬೇಕು?

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಆಡು ಹೆಚ್ಚಿನ ರಂಜಕವನ್ನು ಜೊಲ್ಲಿನ ಮೂಲಕ ಹೊಟ್ಟೆಗೆ ಕಳಿಸಿ ಹಿಕ್ಕೆಯಲ್ಲಿ ಹೊರಗೆ ಹಾಕುತ್ತದೆ. ಜೊಲ್ಲು ಬರುವುದು ನಾರಿನ ಮೇವನ್ನು ಜಗಿದಾಗ, ಮೆಲುಕು ಹಾಕಿದಾಗ. ತೌಡಿನ ಕಲಗಚ್ಚು ಜಗಿಯದೆ ಇಳಿಯುತ್ತದೆ. ಜೊಲ್ಲು ಕಡಿಮೆ, ರಂಜಕ ಮೂತ್ರಕ್ಕೆ. ಸೊಪ್ಪಿನ ಕಟ್ಟನ್ನು ಮೇಲೆ ನೇತು ಹಾಕಿ, ಕಡ್ಡಿ ಸಮೇತ ತಿನ್ನಲು ಬಿಡುವುದು ಬರೀ ಹೊಟ್ಟೆ ತುಂಬಿಸಲು ಅಲ್ಲ.

ಸೊಪ್ಪುಗಳ ನಡುವೆ ನನ್ನ ಆಯ್ಕೆ ಹಲಸು ಮತ್ತು ಗ್ಲಿರಿಸಿಡಿಯಾ. ಹಲಸಿನ ಸೊಪ್ಪು ಮಳೆಗಾಲದಲ್ಲೂ ಸಿಗುತ್ತದೆ, ಆಡಿಗೆ ಅದರಷ್ಟು ಇಷ್ಟ ಬೇರೆ ಇಲ್ಲ. ಗ್ಲಿರಿಸಿಡಿಯಾ ವಾಸನೆಗೆ ಮೊದಲು ಮುಖ ತಿರುಗಿಸುತ್ತವೆ. ಒಂದು ದಿನ ಬಾಡಿಸಿ ಕೊಟ್ಟು ಅಭ್ಯಾಸ ಮಾಡಿಸಬೇಕು. ಸುಬಾಬುಲ್ ಒಟ್ಟು ಮೇವಿನ ಮೂರನೇ ಒಂದು ಪಾಲು ಮೀರದಿರಲಿ, ಅದರಲ್ಲಿ ಬೇರೆ ವಿಷದಂಶ ಇದೆ. ಹೈಬ್ರಿಡ್ ನೇಪಿಯರ್ ಹುಲ್ಲು ಹೊಟ್ಟೆ ತುಂಬಿಸುತ್ತದೆ ನಿಜ. ಆದರೆ ಅದರ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ತೌಡಿನ ಜೊತೆ ಬರೀ ನೇಪಿಯರ್ ಕೊಟ್ಟು ಸೊಪ್ಪು ಕೊಟ್ಟೆವು ಅಂದುಕೊಳ್ಳಬೇಡಿ.

ತೌಡು ಬಿಡಲು ಆಗದವರು ಮೇವಿಗೆ ಬಳಸುವ ಸುಣ್ಣದಕಲ್ಲಿನ ಪುಡಿ ಸೇರಿಸಬಹುದು. 200 ಗ್ರಾಂ ತೌಡಿನ ಉಲ್ಟಾ ಲೆಕ್ಕ ಸರಿಪಡಿಸಲು ಸುಮಾರು 15 ಗ್ರಾಂ ಬೇಕು. ಇಲ್ಲಿ ಎಡವುವವರು ಬಹಳ. 'ಕ್ಯಾಲ್ಸಿಯಂ ಕೊಡಿ' ಅಂದರೆ ಹಸುವಿಗೆ ತಂದ ಕ್ಯಾಲ್ಸಿಯಂ ಟಾನಿಕ್ ಅಥವಾ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಪುಡಿ ಹಾಕುತ್ತಾರೆ. ಡಿಸಿಪಿಯಲ್ಲಿ ರಂಜಕವೂ 18%ದಷ್ಟು ಇದೆ. ಬೆಂಕಿಗೆ ಸೌದೆ ಹಾಕಿದ ಹಾಗೆ. ಡಬ್ಬಿಯ ಮೇಲಿನ ಚೀಟಿ ಓದಿ. ಹಾಲಿನ ಹಸುವಿನ ಪಶು ಆಹಾರವನ್ನೂ ಹೋತಕ್ಕೆ ಹಾಕಬೇಡಿ, ಅದನ್ನು ಬೇರೆ ಲೆಕ್ಕಕ್ಕೆ ಮಾಡಿದ್ದಾರೆ. ಹಾಗೆಂದು ಗ್ಲಿರಿಸಿಡಿಯಾ, ಸುಬಾಬುಲ್‌ನಂಥ ದ್ವಿದಳ ಸೊಪ್ಪೊಂದನ್ನೇ ತಿನ್ನುವ ಹೋತಕ್ಕೆ ಸುಣ್ಣದ ಪುಡಿಯನ್ನೂ ಸುರಿದರೆ ಆ ಹೊಂಬಣ್ಣದ ಕಲ್ಲು ಬರಬಹುದು.

ನೀರು, ಉಪ್ಪು, ಬೀಜ ಒಡೆಸುವ ಪ್ರಾಯ

ನಮ್ಮಲ್ಲಿ ಎರಡು ಕಾಲ ಅಪಾಯದ್ದು. ಜೂನ್‌ನಿಂದ ಆಗಸ್ಟ್ ತನಕ ಆಡು ಮಳೆಗೆ ಹೊರಗೆ ಕಾಲಿಡುವುದಿಲ್ಲ, ತಂಪಿಗೆ ನೀರು ಕುಡಿಯುವುದಿಲ್ಲ, ಗೂಡಿನಲ್ಲೇ ನಿಂತು ತೌಡು ತಿನ್ನುತ್ತದೆ. ಇನ್ನೊಂದು ಏಪ್ರಿಲ್, ಮೇ. ಬಕ್ರೀದ್ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದೆ ಬರುತ್ತದೆ. 2025ರಲ್ಲಿ ಜೂನ್ ಮೊದಲ ವಾರದಲ್ಲಿತ್ತು. ಹಾಗಾಗಿ ಈಗೀಗ ಹೋತವನ್ನು ದಪ್ಪ ಮಾಡುವ ಹೊತ್ತೂ, ಬಾವಿ ತಳ ಕಾಣುವ ಹೊತ್ತೂ ಒಂದೇ ಆಗಿದೆ. ಬೂಸಾ ಹೆಚ್ಚಿಸುವಾಗ ನೀರನ್ನೂ ಹೆಚ್ಚಿಸಲೇಬೇಕು. ಮಳೆಗಾಲದಲ್ಲಿ ಉಗುರು ಬೆಚ್ಚಗಿನ ನೀರು ಇಟ್ಟರೆ ಜಾಸ್ತಿ ಕುಡಿಯುತ್ತದೆ. ಬಾಲ್ದಿ ದಿನಾ ತೊಳೆಯಿರಿ, ಹಿಕ್ಕೆ ಬಿದ್ದ ನೀರನ್ನು ಆಡು ಮೂಸಿ ಬಿಡುತ್ತದೆ. ಗಂಜಿ ತೆಳಿ, ಅಕ್ಕಚ್ಚು ಕೊಡುತ್ತೇವಲ್ಲ ಎಂದು ನೀರು ಇಡದಿರಬೇಡಿ. ಹಿಂಡಿಗೆ ಸ್ವಲ್ಪ ಉಪ್ಪು ಸೇರಿಸಿದರೆ ಬಾಯಾರಿಕೆ ಹೆಚ್ಚುತ್ತದೆ. ನೂರು ಗ್ರಾಂ ಹಿಂಡಿಗೆ ಎರಡು ಗ್ರಾಂ ಲೆಕ್ಕ ಸಾಕು. ಪಕ್ಕದಲ್ಲೇ ನೀರಿದ್ದರೆ ಮಾತ್ರ ಇದು ಒಳ್ಳೆಯದು.

ಬೀಜ ಒಡೆಸುವುದನ್ನು ಒಂದೆರಡು ತಿಂಗಳ ಮರಿಯಲ್ಲೇ ಮುಗಿಸುವುದು ಸುಲಭ, ಗಲಾಟೆ ಇಲ್ಲ. ಐದಾರು ತಿಂಗಳ ತನಕ ಕಾದರೆ ನಾಳ ಅಗಲ ಆಗಲು ಸಮಯ ಸಿಗುತ್ತದೆ. ಆದರೆ ಅಷ್ಟರಲ್ಲಿ ಗಂಡು ಮರಿಗಳು ಅಕ್ಕತಂಗಿಯರ ಮೇಲೆಯೇ ಏರಲು ಶುರು ಮಾಡುತ್ತವೆ, ಬೇರೆ ಕಟ್ಟಬೇಕು. ಎರಡು ಮೂರು ತಿಂಗಳಲ್ಲಿ ಮಾರುವ ಮರಿಗೆ ಈ ಚಿಂತೆ ಬೇಡ. ವರ್ಷ ದಾಟಿ ಸಾಕುವ ಮರಿಯಾದರೆ ಕಾಯಿರಿ.

ಒಂದು ಹೋತಕ್ಕೆ ಕಟ್ಟಿದರೆ ಅದೇ ಬಾನಿಯಲ್ಲಿ ತಿಂದ ಉಳಿದ ಗಂಡುಗಳನ್ನೂ ಅವತ್ತೇ ನೋಡಿ. ಹೊಟ್ಟೆಯಡಿ ಮೂತ್ರ ಬರುವ ಜಾಗದ ಕೂದಲನ್ನು ಬೆರಳಲ್ಲಿ ಸವರಿ. ಒಣಗಿದ ಕೂದಲಿಗೆ ಉಪ್ಪಿನ ಹರಳಿನ ಹಾಗೆ ಬಿಳಿ ಕಣ ಅಂಟಿದ್ದರೆ, ಒರಟು ಸಿಕ್ಕಿದರೆ ಅದಕ್ಕೂ ಕಲ್ಲು ಶುರುವಾಗಿದೆ. ಅವುಗಳ ತೌಡು, ಬೂಸಾ ಆ ಹೊತ್ತಿನಿಂದಲೇ ನಿಲ್ಲಿಸಿ, ಸೊಪ್ಪಿಗೆ ಹಾಕಿ. ನವಸಾಗರ ಎಷ್ಟು ದಿನ ಕೊಡಬೇಕು ಎಂದು ಡಾಕ್ಟ್ರನ್ನು ಅದೇ ಭೇಟಿಯಲ್ಲಿ ಕೇಳಿ ಬರೆದುಕೊಳ್ಳಿ.